ಹೊಳೆ ಸೊರಗಿದರೆ ಕಲ್ಲಡಿಯ ಹುಳುಗಳಿಗೆ ಏನಾಗುತ್ತೆ?

ಆರ್‌ಆರ್‌ನಗರ_ಭಾನುವಾರ:

2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸ್ತು. ಮರುವರ್ಷ ಬೇಸಿಗೇಲಿ ಬೆಂಗಳೂರಿನ ಟ್ಯಾಂಕರ್ ಸುದ್ದಿ ದೇಶವಿಡೀ ಓಡಾಡ್ತು. ಬತ್ತಿದ ಬೋರ್‌ವೆಲ್, ಟ್ಯಾಂಕರ್ ರೇಟು, ಅಪಾರ್ಟ್‌ಮೆಂಟ್ ಜಗಳ ಎಲ್ಲಾ ಓದಿದ್ವಿ. ಹೊಳೆಯೊಳಗೆ ಬದುಕೋ ಜೀವಿಗಳ ಬಗ್ಗೆ ಒಂದು ಸಾಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಮೀನು ಸತ್ತು ತೇಲಿದರೆ ಫೋಟೋ ಆದರೂ ಬರುತ್ತೆ. ನಾನು ಕೇಳ್ತಿರೋದು ಬೆನ್ನುಮೂಳೆ ಇಲ್ಲದವುಗಳ ವಿಚಾರ: ಏರೋಪ್ಲೇನ್ ಚಿಟ್ಟೆ ಮರಿ, ಮೇಫ್ಲೈ (ರೆಕ್ಕೆ ಬಂದಮೇಲೆ ಒಂದೆರಡು ದಿನವಷ್ಟೇ ಬದುಕೋ ಕೀಟ) ಮರಿ, ಏಡಿ, ಬಸವನಹುಳು, ಕಪ್ಪೆಚಿಪ್ಪು, ಜಿಗಣೆ, ಇಂಥವು.

ಕಾವೇರಿಯ ಸಂಗಮ, ಮುತ್ತತ್ತಿ ಕಡೆ ಏಪ್ರಿಲಲ್ಲಿ ಕಲ್ಲು ಮಗುಚಿದರೆ ಡಿಸೆಂಬರಲ್ಲಿ ಕಾಣೋದರ ಅರ್ಧದಷ್ಟು ಬಗೆಯೂ ಸಿಗಲ್ಲ. ಜೊತೆಗೆ ಬರೋ ಗೆಳೆಯನದು ಒಂದೇ ಮಾತು: "ಮಳೆ ಬಿದ್ದರೆ ಎಲ್ಲಾ ವಾಪಸ್ ಬರ್ತವೆ. ಅವು ಹುಳ ಗುರೂ, ಹುಲಿ ಅಲ್ಲ." ನಿಜವಾಗ್ಲೂ ಎಲ್ಲಾ ಬರ್ತವಾ? ಬರೋದಾದರೆ ಎಲ್ಲಿಂದ ಬರ್ತವೆ?

ಕೆಂಗೇರಿ_ಸ್ಯಾಟಲೈಟ್:

ನಮ್ಮ ವೃಷಭಾವತಿಗೆ ಬರಗಾಲ ಅನ್ನೋದೇ ಗೊತ್ತಿಲ್ಲ ಸ್ವಾಮಿ. ಮುಂಗಾರು ಬರಲಿ ಬಿಡಲಿ, ಮೈಸೂರು ರಸ್ತೆ ಪಕ್ಕ ಊರ ಕೊಳಚೆ ಹೊತ್ತು ವರ್ಷಪೂರ್ತಿ ಹರೀತಾಳೆ. ನಿಮ್ಮ ಹುಳುಗಳನ್ನ ಇಲ್ಲಿಗೆ ಕಳಿಸಿ, ನೊರೆಸ್ನಾನ ಫ್ರೀ.

ಕಲ್ಲಡಿ:

ಇಬ್ಬರಿಗೂ ಸೇರಿಸಿ ಬರೀತೀನಿ, ಕೆಂಗೇರಿಯವರ ತಮಾಷೆಯಲ್ಲೂ ವಿಷಯ ಇದೆ. (ಪ್ರಾಣಿಶಾಸ್ತ್ರ ಪಾಠ ಮಾಡೋದು ನನ್ನ ಕೆಲಸ, ಜಲಕೀಟ ನನ್ನ ಹುಚ್ಚು. ಹಾಗಾಗಿ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.)

ಹೊಳೆಯ ನೀರು ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಇಳಿಯುತ್ತೆ. ಹುಳುಗಳಿಗೆ ಬೀಳೋ ಪೆಟ್ಟು ಮಾತ್ರ ಹಾಗಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬೀಳುತ್ತೆ. ಆಸ್ಟ್ರೇಲಿಯಾದ ವಿಜ್ಞಾನಿ ಆಂಡ್ರ್ಯೂ ಬೌಲ್ಟನ್ 2003ರಲ್ಲಿ ಇದನ್ನ ಬಿಡಿಸಿ ಹೇಳಿದ್ದಾರೆ. ನೀರು ದಡ ಬಿಟ್ಟು ಒಳಗೆ ಸರಿಯೋದು ಮೊದಲನೇ ಮೆಟ್ಟಿಲು. ದಡದ ಹುಲ್ಲು, ನೀರಿಗೆ ಇಳಿಬಿದ್ದಿದ್ದ ಮರದ ಬೇರು ಒಣಗಿ ಗಾಳಿಯಲ್ಲಿ ನಿಲ್ತವೆ. ಸೇತುವೆ ಮೇಲಿಂದ ನೋಡೋರಿಗೆ ಹೊಳೆ ಚೆನ್ನಾಗೇ ಹರೀತಿದೆ ಅನ್ಸುತ್ತೆ, ಬೇರಿನ ಮಧ್ಯೆ ಬದುಕ್ತಿದ್ದ ಸೀಗಡಿ, ಡ್ಯಾಮ್ಸೆಲ್‌ಫ್ಲೈ (ಏರೋಪ್ಲೇನ್ ಚಿಟ್ಟೆಯ ಸಪೂರ ನೆಂಟ) ಮರಿಗಳಿಗೆ ಮಾತ್ರ ಆಗಲೇ ಮನೆ ಹೋಗಿರುತ್ತೆ. ಎರಡನೇ ಮೆಟ್ಟಿಲಲ್ಲಿ ಕಲ್ಲುಗಳ ಮೇಲೆ ಸದ್ದು ಮಾಡ್ತಾ ಹರಿಯೋ ತೆಳು ನೀರು ನಿಂತು ಮಡುಗಳಷ್ಟೇ ಉಳೀತವೆ. ಆಮೇಲೆ ಮಡುಗಳೂ ಒಣಗ್ತವೆ. ಕೊನೆಗೆ ಮರಳಿನ ಕೆಳಗಿನ ತೇವವೂ ಹೋಗುತ್ತೆ.

ಇದರಲ್ಲಿ ಎರಡನೇದೇ ದೊಡ್ಡ ಏಟು. ಹೈಡ್ರೊಸೈಕಿಡೆ ಕುಟುಂಬದ ಕ್ಯಾಡಿಸ್‌ಫ್ಲೈ ಮರಿ ಇದೆಯಲ್ಲ, ಸೆಂಟಿಮೀಟರ್ ಆಸುಪಾಸಿನ ಉದ್ದ, ಹೊಟ್ಟೆಯ ಅಡಿಯಲ್ಲಿ ಬಿಳಿ ಕುಚ್ಚಿನ ಥರ ಕಿವಿರು. ಅದು ಕಲ್ಲಿನ ಸಂದಿಯಲ್ಲಿ ರೇಷ್ಮೆ ಎಳೆಯ ಪುಟ್ಟ ಬಲೆ ಕಟ್ಟಿ, ಬಲೆಯ ಬಾಯಿಯನ್ನ ಹರಿವಿಗೆ ಎದುರಾಗಿ ಇಟ್ಟು ಪಕ್ಕದಲ್ಲಿ ಕಾದು ಕೂತಿರುತ್ತೆ. ನೀರು ತಂದುಕೊಟ್ಟ ಎಲೆಚೂರು, ಪಾಚಿ, ಸಣ್ಣಪುಟ್ಟ ಹುಳವೇ ಊಟ. ಹರಿವು ನಿಂತರೆ ಬಲೆ ಜೋತುಬಿದ್ದು ಗೋಡು ಮೆತ್ತಿಕೊಳ್ಳುತ್ತೆ. ಹತ್ತು ಹೆಜ್ಜೆ ಆಚೆ ಸೊಂಟದುದ್ದ ನೀರಿನ ಮಡು ಇದ್ದರೂ ಇದಕ್ಕೆ ಅದು ಮರುಭೂಮಿಯೇ. ತಲೆಯ ಮೇಲಿನ ಕೂದಲ ಗೊಂಚಲಿನಿಂದ ನೀರು ಸೋಸಿ ತಿನ್ನೋ ಬ್ಲ್ಯಾಕ್‌ಫ್ಲೈ ಮರಿಯ ಪಾಡೂ ಇದೇ. ಕಲ್ಲಿಗೆ ಅಂಟಿಕೊಂಡಿರೋ ಚಪ್ಪಟೆ ಮೇಫ್ಲೈ ಮರಿಗೆ ಊಟದ ಚಿಂತೆ ಅಷ್ಟಿಲ್ಲ, ಉಸಿರಿನದ್ದೇ ಚಿಂತೆ.

ಯಾಕೆ ಅಂದರೆ, 20 ಡಿಗ್ರಿ ಬಿಸಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಇಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಅದು ಏಳೂವರೆ ಹತ್ತಿರ ಇಳಿಯುತ್ತೆ. ನೀರು ಬಿಸಿಯಾದಷ್ಟೂ ಹುಳುವಿನ ಮೈಗೆ ಬೇಕಾಗೋದು ಜಾಸ್ತಿ, ಸಿಗೋದು ಕಮ್ಮಿ. ನಿಂತ ಮಡುವಿನಲ್ಲಿ ಪಾಚಿ ಹಬ್ಬಿದರೆ ಇನ್ನೊಂದು ತೊಡಕು. ಹಗಲು ಪಾಚಿ ಆಮ್ಲಜನಕ ಕೊಡುತ್ತೆ, ರಾತ್ರಿ ತಾನೇ ಎಳೆದುಕೊಳ್ಳುತ್ತೆ. ಬೆಳಗಿನ ಜಾವದ ಹೊತ್ತಿಗೆ ಮಟ್ಟ ಪಾತಾಳ ಸೇರಿರುತ್ತೆ. ಮಧ್ಯಾಹ್ನ ಹೋಗಿ ಮೀಟರ್ ಅದ್ದಿ "ಆಮ್ಲಜನಕ ಸಮರ್ಪಕ" ಅಂತ ಬರೆಯೋ ವರದಿಗಳನ್ನ ನಾನಂತೂ ನಂಬಲ್ಲ.

ಇನ್ನೊಂದು ಗಮನಿಸಿ. ಹರಿವು ನಿಂತ ಹೊಸತರಲ್ಲಿ ಮಡುವಿಗೆ ಬಲೆ ಹಾಕಿದರೆ ಮೊದಲಿಗಿಂತ ಹೆಚ್ಚು ಹುಳ ಸಿಗಬಹುದು. ಅದನ್ನ ನೋಡಿ ಖುಷಿಪಡೋ ಹಾಗಿಲ್ಲ. ಜಾಗ ಕಮ್ಮಿಯಾಗಿ ಎಲ್ಲಾ ಒತ್ತಟ್ಟಿಗೆ ಸೇರಿರ್ತವೆ. ತಿನ್ನೋ ಮೀನು, ನೀರುತಿಗಣೆ, ನೀರುಚೇಳು, ಏರೋಪ್ಲೇನ್ ಚಿಟ್ಟೆ ಮರಿಗಳೂ ಅಲ್ಲೇ ಇರ್ತವೆ. ಕೆಲವು ವಾರದಲ್ಲಿ ಲೆಕ್ಕ ಬೇರೆಯಾಗಿರುತ್ತೆ.

ವಾಪಸ್ ಬರೋ ವಿಚಾರ ರಾತ್ರಿ ಬರೀತೀನಿ, ಉತ್ತರ ಪತ್ರಿಕೆ ತಿದ್ದೋದಿದೆ.

ಎಂಎಸ್ಸಿ_ಮುಗಿಯದ_ಕತೆ:

ಮೇಡಂ, ಸರಿಯಾದ ಟೈಮಿಗೆ ಸಿಕ್ಕಿದ್ರಿ. ನಮ್ಮ ಗೈಡ್ ಬಿಎಂಡಬ್ಲ್ಯುಪಿ ಅಂಕಪಟ್ಟಿ (ಸಿಕ್ಕ ಹುಳು ನೋಡಿ ನೀರಿನ ಗುಣಕ್ಕೆ ಅಂಕ ಕೊಡೋದು) ಕೈಗಿಟ್ಟು, ಅರ್ಕಾವತಿಯಲ್ಲಿ ಮಂಚನಬೆಲೆ ಅಣೆಕಟ್ಟಿಂದ ಕೆಳಗೆ ಮೂರು ಜಾಗ ನೋಡು ಅಂದಿದ್ದಾರೆ. ಹೆಪ್ಟಜೆನಿಡೆ (ಚಪ್ಪಟೆ ಮೇಫ್ಲೈ) ಸಿಕ್ಕರೆ 10 ಅಂಕ, ಕೈರೊನಾಮಿಡೆಗೆ (ಕೆಂಪು ಹುಳದ ಕುಟುಂಬ) 2, ಎರೆಹುಳು ಜಾತಿಯವಕ್ಕೆ 1. ಚಳಿಗಾಲದಲ್ಲಿ ಸುಮಾರಾಗಿ ಇದ್ದ ಅಂಕ ಏಪ್ರಿಲಲ್ಲಿ ನೆಲ ಕಚ್ಚಿದೆ. ಇದನ್ನ ಮಾಲಿನ್ಯ ಅಂತ ಬರೀಲಾ, ನೀರು ಕಮ್ಮಿಯಾಗಿದ್ದಕ್ಕೆ ಅಂತ ಬರೀಲಾ? ವೈವಾದಲ್ಲಿ ಇದನ್ನೇ ಕೇಳ್ತಾರೆ ಅಂತ ಸೀನಿಯರ್ಸ್ ಹೆದರಿಸಿದ್ದಾರೆ.

ನೆಲಮಂಗಲ_ಹೊಳೆದಂಡೆ:

ನಾನು ಓದಿರೋನಲ್ಲ, ಕುಮುದ್ವತಿ ಪಕ್ಕದಲ್ಲಿ ಹೊಲ ಐತೆ ಅಷ್ಟೇ. ಏಡಿ ವಿಚಾರ ಗೊತ್ತಿರೋದು ಹೇಳ್ತೀನಿ.

ಹೊಳೆ ನಿಂತ್ಮೇಲೆ ಏಡಿ ದಡದಾಗೆ ಬಿಲ ಕೊರ್ಕಂಡು ಕೆಳೀಕೆ ಹೋಯ್ತವೆ, ತೇವ ಎಲ್ಲಿಗಂಟ ಐತೋ ಅಲ್ಲಿಗಂಟ. ಬಿಲದ ಬಾಯಾಗೆ ಹಸಿ ಮಣ್ಣುಂಡೆ ಇದ್ರೆ ಒಳಗೆ ಏಡಿ ಐತೆ ಅಂತ. ಉಂಡೆ ಒಣಗಿ ಪುಡಿಯಾಗಿ ಜೇಡರ ಬಲೆ ಕಟ್ಟಿದ್ರೆ ಕೈ ಹಾಕೋದು ದಂಡ. (ಹಾವು ಇರ್ತೈತೆ, ಹಂಗೂ ಹಾಕ್ಬ್ಯಾಡಿ.)

ನಮ್ಮಪ್ಪನ ಕಾಲದಾಗೆ ಬೇಸ್ಗೇಲಿ ಹೊಳೆ ಮರಳಲ್ಲಿ ಮೊಣಕಾಲುದ್ದ ತೋಡಿದ್ರೆ ಒರತೆ ನೀರು ಬರ್ತಿತ್ತು, ತಿಳಿಯಾದ್ಮೇಲೆ ಬಿಂದಿಗೆ ತುಂಬ್ಕೊಂಡು ಬರೋರು. ಆಮೇಲೆ ಮರಳು ಹೋಯ್ತು. ರಾತ್ರಿಯೆಲ್ಲ ಟ್ರಾಕ್ಟ್ರು, ಲಾರಿ. ಮರಳು ಮುಗಿದ್ಮೇಲೆ ಮಣ್ಣು ತೊಳ್ದು ಫಿಲ್ಟರ್ ಮರಳು ಮಾಡೋಕೆ ಶುರು ಹಚ್ಕೊಂಡ್ರು, ಆ ಬಗ್ಗಡವೆಲ್ಲ ಹೊಳೆಗೇ. ಈಗ ತೋಡಿದ್ರೆ ಬಂಡೆ, ಇಲ್ಲಾಂದ್ರೆ ಜೇಡಿ. ಒಳ್ಳೆ ಮಳೆ ಆದ ವರ್ಷವೂ ಏಡಿ ಮೊದ್ಲಿನಂಗೆ ಇಲ್ಲ. ಮಳೆ ಬಂದ್ರೆ ಎಲ್ಲಾ ಬರ್ತವೆ ಅನ್ನೋ ಮಾತು ಮರಳಿರೋ ಹೊಳೆಗೆ ಸರಿ ಕಣಣ್ಣ.

ಕಲ್ಲಡಿ:

ನಾನು ನಾಲ್ಕು ಪುಟದಲ್ಲಿ ಹೇಳಬೇಕು ಅಂದುಕೊಂಡಿದ್ದನ್ನ ನೆಲಮಂಗಲದವರು ಒಂದು ಸಾಲಲ್ಲಿ ಮುಗಿಸಿಬಿಟ್ಟರು. ಆ ಕೊನೇ ಸಾಲನ್ನ ಇನ್ನೊಂದು ಸಲ ಓದಿ. ಹೊಳೆ ಒಣಗಿದಾಗ ಹುಳುಗಳು ಉಳಿಯೋದು ಬಿಡೋದು ಎಷ್ಟು ನೀರು ಹೋಯ್ತು ಅನ್ನೋದಕ್ಕಿಂತ, ಹೋದಮೇಲೆ ಏನು ಉಳೀತು ಅನ್ನೋದರ ಮೇಲೆ ನಿಂತಿದೆ.

ಮರಳು, ಜಲ್ಲಿಯ ಕೆಳಗೆ ನೀರು ನಿಧಾನಕ್ಕೆ ಹರೀತಾ ಇರುತ್ತೆ. ಒರತೆ ತೋಡಿದಾಗ ಸಿಗೋದು ಅದೇ ನೀರು. ಮೇಲಿನ ಹರಿವು ನಿಂತಾಗ ಮೇಫ್ಲೈಯ ಎಳೇ ಮರಿಗಳು, ಸೀಗಡಿ ಬಳಗದ ಸಣ್ಣ ಕಠಿಣಚರ್ಮಿಗಳು, ಹುಳುಗಳು ಮರಳುಕಾಳಿನ ಸಂದಿಗಳಲ್ಲಿ ಕೆಳಗಿಳಿದು ಅಲ್ಲಿ ದಿನ ನೂಕ್ತವೆ. ಆದರೆ ಆ ಸಂದಿ ಖಾಲಿ ಇರಬೇಕು. ಜೇಡಿ ಬಗ್ಗಡ ಬಂದು ತುಂಬಿದರೆ ಮರಳು ಇದ್ದೂ ಇಲ್ಲದ ಹಾಗೆ. ಫಿಲ್ಟರ್ ಮರಳಿನ ಬಗ್ಗಡ ಕಿವಿರಿಗಷ್ಟೇ ಅಲ್ಲ, ಈ ನೆಲಮಾಳಿಗೆಯ ಬಾಗಿಲಿಗೂ ಮೆತ್ತಿದ ಹಾಗೆ ಆಗುತ್ತೆ.

ಈಗ ಮೊದಲ ಪ್ರಶ್ನೆ, ವಾಪಸ್ ಎಲ್ಲಿಂದ. ಇಲ್ಲಿ ರೆಕ್ಕೆ ಇರೋವಕ್ಕೂ ಇಲ್ಲದವಕ್ಕೂ ಅಜಗಜಾಂತರ. ಮೇಫ್ಲೈ, ಕ್ಯಾಡಿಸ್‌ಫ್ಲೈ, ಏರೋಪ್ಲೇನ್ ಚಿಟ್ಟೆ, ನೀರಿನ ಜೀರುಂಡೆಗಳು ದೊಡ್ಡವಾದಮೇಲೆ ಹಾರಬಲ್ಲವು. ಹತ್ತಿರದಲ್ಲಿ ಇನ್ನೊಂದು ಜೀವಂತ ಹಳ್ಳ ಇದ್ದರೆ ಅಲ್ಲಿಂದ ಬಂದು ಮೊಟ್ಟೆ ಇಡ್ತವೆ. ಮೇಲ್ಭಾಗದಲ್ಲಿ ಹರಿವು ಉಳಿದಿದ್ದರೆ ನೀರಿನ ಜೊತೆ ತೇಲಿಕೊಂಡೂ ಬರ್ತವೆ. ಇವಕ್ಕೆ ಒಂದೆರಡು ಮಳೆಗಾಲ ಸಾಕಾಗಬಹುದು, ಆ ಗೆಳೆಯರ ಮಾತು ಅಷ್ಟರಮಟ್ಟಿಗೆ ನಿಜ.

ರೆಕ್ಕೆ ಇಲ್ಲದವುಗಳದ್ದು ಬೇರೆ ಕತೆ. ಸಿಹಿನೀರಿನ ಏಡಿಗೆ ನೀರಲ್ಲಿ ತೇಲಾಡೋ ಮರಿಹಂತವೇ ಇಲ್ಲ. ಮೊಟ್ಟೆಯಿಂದ ಪುಟಾಣಿ ಏಡಿಯೇ ಹೊರಬರುತ್ತೆ, ತಾಯಿ ಹೊಟ್ಟೆಯಡಿ ಅವಚಿಕೊಂಡು ತಿರುಗುತ್ತೆ. ಒಂದು ಹಳ್ಳದಲ್ಲಿ ಏಡಿ ಪೂರ್ತಿ ಹೋದರೆ ಪಕ್ಕದ ಹಳ್ಳದಿಂದ ನಡೆದೇ ಬರಬೇಕು. ಕಪ್ಪೆಚಿಪ್ಪಿನದು ಇನ್ನೂ ಕಷ್ಟ: ಅದರ ಮರಿ ಕೆಲವು ದಿನ ಮೀನಿನ ಕಿವಿರಿಗೋ ಈಜುರೆಕ್ಕೆಗೋ ಅಂಟಿಕೊಂಡು ಬೆಳೆಯಬೇಕು, ಆಮೇಲೇ ತಳಕ್ಕೆ ಬಿದ್ದು ಸ್ವಂತ ಬದುಕು. ಮೀನು ಇಲ್ಲದ ಹೊಳೆಗೆ ಕಪ್ಪೆಚಿಪ್ಪು ಮರಳೋದಿಲ್ಲ. ಬಸವನಹುಳುಗಳಲ್ಲಿ ಪೈಲಾ ಜಾತಿಯದು ಮುಚ್ಚಳ ಎಳೆದುಕೊಂಡು ಕೆಸರಲ್ಲಿ ತಿಂಗಳುಗಟ್ಟಲೆ ಮಲಗಿಬಿಡುತ್ತೆ, ಅದು ಗಟ್ಟಿ ಪಿಂಡ.

ಎಂಎಸ್ಸಿಯವರಿಗೆ ಮೂರು ಮಾತು. ಆ ಅಂಕಪಟ್ಟಿ ಬ್ರಿಟನ್ನಿನ ಹೊಳೆಗಳಿಗೆ, ಅದರಲ್ಲೂ ಮುಖ್ಯವಾಗಿ ಕೊಳಚೆಯ ಪರಿಣಾಮ ಹಿಡಿಯೋಕೆ ಮಾಡಿದ್ದು. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜೈವಿಕ ಮಾಪನವೂ ಅದರ ದಾರಿಯಲ್ಲೇ ಬಂದಿದೆ. ಹರಿವಿನ ಪರಿಣಾಮ ಹಿಡಿಯೋಕೆ 1999ರಲ್ಲಿ ಬ್ರಿಟನ್ನಿನವರೇ 'ಲೈಫ್' ಅಂತ ಬೇರೆ ಸೂಚ್ಯಂಕ ಮಾಡಿದರು, ಅದರಲ್ಲಿ ಪ್ರತಿ ಗುಂಪಿಗೂ ಎಷ್ಟು ವೇಗದ ನೀರು ಇಷ್ಟ ಅನ್ನೋದರ ಮೇಲೆ ಅಂಕ. ಎರಡನೇದು, ಸ್ಟೋನ್‌ಫ್ಲೈ (ಇದೂ ಹೊಳೆಯ ಕೀಟವೇ) ಸಿಗಲಿಲ್ಲ ಅಂತ ತಲೆ ಕೆಡಿಸ್ಕೊಬೇಡಿ. ದಕ್ಷಿಣ ಭಾರತದಲ್ಲಿ ಅವು ಹೆಚ್ಚಾಗಿ ಪಶ್ಚಿಮ ಘಟ್ಟದ ತಂಪು ತೊರೆಗಳವು, ಬಯಲುಸೀಮೆಯ ಹೊಳೆಯಲ್ಲಿ ಇಲ್ಲದಿದ್ದರೆ ಆಶ್ಚರ್ಯ ಇಲ್ಲ.

ಮೂರನೇದೇ ನಿಮ್ಮ ವೈವಾ ಉತ್ತರ. ಒಟ್ಟು ಅಂಕ ನೋಡಬೇಡಿ, ಯಾರು ಹೋದರು ಅಂತ ನೋಡಿ. ಹೈಡ್ರೊಸೈಕಿಡೆ, ಬ್ಲ್ಯಾಕ್‌ಫ್ಲೈ ಸ್ವಲ್ಪ ಕೊಳಕನ್ನ ತಡ್ಕೊಳ್ತವೆ, ಹರಿವು ಇಲ್ಲದಿದ್ದರೆ ತಡ್ಕೊಳ್ಳಲ್ಲ. ಅವು ಮಾಯವಾಗಿ, ನಿಂತ ನೀರಲ್ಲಿ ಬದುಕೋ ಡ್ಯಾಮ್ಸೆಲ್‌ಫ್ಲೈ ಮರಿ, ನೀರಿನ ಜೀರುಂಡೆ ಉಳಿದಿದ್ದರೆ ಹರಿವು ನಿಂತದ್ದೇ ಕಾರಣ ಇರಬೇಕು. ಅವೂ ಹೋಗಿ ಬರೀ ಕೆಂಪು ಹುಳ, ಟ್ಯೂಬಿಫೆಕ್ಸ್ ಅನ್ನೋ ಕೆಸರುಹುಳ ಉಳಿದಿದ್ದರೆ ಕೊಳಚೆ. ಕೇನಿಸ್ ಅನ್ನೋ ಮೇಫ್ಲೈ ಮರಿ ಒಂದೇ ಹೇರಳವಾಗಿದ್ದರೆ ಗೋಡಿನ ಕಡೆ ಗಮನ ಕೊಡಿ. ಅದರ ಎರಡನೇ ಜೋಡಿ ಕಿವಿರು ಮುಚ್ಚಳದ ಹಾಗೆ ಉಳಿದದ್ದನ್ನ ಮುಚ್ಚಿಕೊಂಡು ಗೋಡಿನಿಂದ ಕಾಪಾಡುತ್ತೆ. ಅರ್ಕಾವತಿಯ ಕೆಳಭಾಗದಲ್ಲಿ ಹರಿವಿನ ಕೊರತೆ, ಕೊಳಚೆ ಎರಡೂ ಬೆರೆತಿರುತ್ತೆ ಅನ್ನೋದನ್ನ ಮರೆಯಬೇಡಿ. ಬೇಸಿಗೆಯಲ್ಲಿ ನೀರು ಕಮ್ಮಿಯಾದಾಗ ಅದೇ ಕೊಳಚೆ ಮಂದವಾಗುತ್ತೆ. ಒಟ್ಟು ಅಂಕವನ್ನ ಸಿಕ್ಕ ಕುಟುಂಬಗಳ ಸಂಖ್ಯೆಯಿಂದ ಭಾಗಿಸಿ ಸರಾಸರಿ ಅಂಕವನ್ನೂ ಹಾಕಿ, ವಿದ್ಯುದ್ವಾಹಕತೆಯನ್ನೂ (ನೀರಲ್ಲಿ ಕರಗಿದ ಲವಣದ ಸುಳಿವು) ಅಳೆದು ಪಕ್ಕದಲ್ಲಿ ಬರೀರಿ.

ನಂದಿಬೆಟ್ಟ_ಸೈಕಲ್:

ಹಾರಿ ಬರೋವು ಅಂದ್ರಲ್ಲ ಮೇಡಂ, ಒಂದು ಡೌಟು. ನಮ್ಮ ಆಫೀಸಿನ ಪಾರ್ಕಿಂಗಲ್ಲಿ ಏರೋಪ್ಲೇನ್ ಚಿಟ್ಟೆಗಳು ಕಾರಿನ ಬಾನೆಟ್ ಮೇಲೆ ಬಾಲ ಕುಟ್ಟಿ ಕುಟ್ಟಿ ಹಾರೋದು ನೋಡಿದೀನಿ. ಅವು ಮೊಟ್ಟೆ ಇಡ್ತಿದಾವಾ?

ಕಲ್ಲಡಿ:

ಹೌದು, ಪಾಪ. ಇವು ನೀರನ್ನ ಗುರುತಿಸೋದು ಅದರ ಮೇಲಿಂದ ಬರೋ ಧ್ರುವೀಕೃತ ಬೆಳಕಿನಿಂದ, ಅಂದರೆ ಒಂದೇ ದಿಕ್ಕಲ್ಲಿ ಕಂಪಿಸೋ ಬೆಳಕಿನಿಂದ. ಹೊಳೆಯೋ ಬಾನೆಟ್, ಗಾಜು, ಕಪ್ಪು ಡಾಂಬರು ಅದೇ ಥರ ಬೆಳಕು ಚೆಲ್ತವೆ. ಹಂಗೇರಿಯಲ್ಲಿ ಮೇಫ್ಲೈಗಳು ಹೊಳೆ ಪಕ್ಕದ ಒಣ ಡಾಂಬರು ರಸ್ತೆ ಮೇಲೆ ಮೊಟ್ಟೆ ಇಡೋದನ್ನ 1998ರಲ್ಲೇ ದಾಖಲಿಸಿದ್ದಾರೆ. ದೊಡ್ಡ ಮೇಫ್ಲೈಗೆ ತಿನ್ನೋಕೆ ಬಾಯಿಯೇ ನೆಟ್ಟಗಿಲ್ಲ, ಆಯುಸ್ಸು ಕೆಲವು ಗಂಟೆಯಿಂದ ಒಂದೆರಡು ದಿನ. ಜಾಗ ತಪ್ಪಿದರೆ ಮತ್ತೆ ಹುಡುಕೋಕೆ ಸಮಯವೇ ಇಲ್ಲ. ಬರಗಾಲದಲ್ಲಿ ಹೊಳೆ ಬತ್ತಿ, ಊರ ತುಂಬ ಕಾರು ನಿಂತಿದ್ದರೆ ಏನಾಗುತ್ತೆ ಅಂತ ನೀವೇ ಊಹಿಸಿ.

ಹುಲಿಅಲ್ಲ_ಹುಳ:

ಮೊದಲ ಪೋಸ್ಟಿನ ಗೆಳೆಯ ನಾನೇ. ನನ್ನ ವಾದ ಬಿಟ್ಟುಕೊಡಲ್ಲ.

ಬಯಲುಸೀಮೆಯ ಹೊಳೆ ಬೇಸಿಗೆಯಲ್ಲಿ ಒಣಗೋದು ಸಹಜ. ಸಾವಿರಾರು ವರ್ಷದಿಂದ ಹೀಗೇ. ಇಲ್ಲಿನ ಹುಳುಗಳು ಅದಕ್ಕೆ ಒಗ್ಗಿವೆ. ಪಾಂಟಾಲ ಅನ್ನೋ ಏರೋಪ್ಲೇನ್ ಚಿಟ್ಟೆ ಮಳೆನೀರಿನ ಗುಂಡಿಯಲ್ಲಿ ಮೊಟ್ಟೆಯಿಂದ ರೆಕ್ಕೆವರೆಗೆ ಒಂದೂವರೆ ಎರಡು ತಿಂಗಳಲ್ಲಿ ಮುಗಿಸಿಬಿಡುತ್ತೆ, ಸಮುದ್ರ ದಾಟಿ ಆಫ್ರಿಕಾಕ್ಕೆ ಹೋಗುತ್ತೆ. ಆಫ್ರಿಕಾದ ಬಂಡೆಗುಂಡಿಗಳಲ್ಲಿ ಪಾಲಿಪೆಡಿಲಮ್ ವ್ಯಾಂಡರ್‌ಪ್ಲಾಂಕಿ ಅನ್ನೋ ನೊಣದ ಮರಿ ಇದೆ, ಮೈಯ ನೀರು ನೂರಕ್ಕೆ ಮೂರರಷ್ಟು ಉಳಿಯೋವರೆಗೆ ಒಣಗಿ, ನೀರು ಬಿದ್ದ ಮೇಲೆ ಎದ್ದು ಓಡಾಡುತ್ತೆ. ಪ್ರಕೃತಿಗೆ ನಮ್ಮ ಅನುಕಂಪ ಬೇಕಾಗಿಲ್ಲ.

ಕಲ್ಲಡಿ:

ಉದಾಹರಣೆಗಳು ಸರಿ ಇವೆ, ಅವುಗಳಿಂದ ತೆಗೆದ ತೀರ್ಮಾನಕ್ಕೆ ನನ್ನ ತಕರಾರು. ನೀವು ಹೇಳಿದ ಎರಡೂ ಗುಂಡಿಯ ಜೀವಿಗಳು. ಅಲ್ಲೇ ಹುಟ್ಟಿ ಅಲ್ಲೇ ಪಳಗಿದವು. ಹರಿವಿನ ಜೀವಿಗೆ ಆ ಕಸುಬು ಗೊತ್ತಿಲ್ಲ. ಪರೀಕ್ಷೆಯಲ್ಲಿ ಫಸ್ಟ್ ಬಂದ ಇಬ್ಬರನ್ನ ತೋರಿಸಿ ಇಡೀ ತರಗತಿ ಪಾಸು ಅಂದರೆ ಆಗಲ್ಲ.

ಸಹಜವಾಗಿ ಒಣಗೋದಕ್ಕೆ ಒಂದು ಹದ ಇರುತ್ತೆ. ಮಳೆ ನಿಂತಮೇಲೂ ಅಂತರ್ಜಲ ಸೋರಿ ಹೊಳೆಗೆ ಬರ್ತಾ ಇರುತ್ತೆ, ಹರಿವು ನಿಧಾನಕ್ಕೆ ತೆಳುವಾಗುತ್ತೆ, ಮರಿಗಳಿಗೆ ರೆಕ್ಕೆ ಬಲಿಯೋಕೆ ಸಮಯ ಸಿಗುತ್ತೆ. ಬೋರ್‌ವೆಲ್ ಸಾವಿರ ಅಡಿಗೆ ಇಳಿದಮೇಲೆ ಆ ಸೋರಿಕೆಯೇ ನಿಂತುಹೋಯ್ತು. ಮಳೆ ನಿಲ್ತಿದ್ದ ಹಾಗೇ ಹೊಳೆಯೂ ನಿಲ್ಲುತ್ತೆ. ಅರ್ಕಾವತಿ ಯಾಕೆ ಬತ್ತಿತು ಅಂತ ಬೆಂಗಳೂರಿನ ಏಟ್ರೀ ಪರಿಸರ ಸಂಶೋಧನಾ ಸಂಸ್ಥೆಯವರು ಮಾಡಿದ ಅಧ್ಯಯನ 2015ರಲ್ಲಿ ಪ್ರಕಟವಾಯ್ತು. ಮಳೆ ಕಮ್ಮಿಯಾಗಿದ್ದೇ ಕಾರಣ ಅನ್ನೋದು ಅದರಲ್ಲಿ ನಿಲ್ಲಲಿಲ್ಲ. ಅಂತರ್ಜಲ ಎಳೆದದ್ದು, ನೀಲಗಿರಿ ತೋಪು, ಹಳ್ಳಕ್ಕೆ ಅಡ್ಡ ಕಟ್ಟಿದ ಕಟ್ಟೆಗಳ ಕಡೆಗೇ ಅವರು ಬೊಟ್ಟು ಮಾಡಿದರು. ಅರ್ಕಾವತಿಗೆ ಕಟ್ಟಿದ ಹೆಸರಘಟ್ಟ ಜಲಾಶಯ 1894ರದ್ದು, ತಿಪ್ಪಗೊಂಡನಹಳ್ಳಿ ಜಲಾಶಯ 1933ರದ್ದು. ಒಂದು ಕಾಲಕ್ಕೆ ಬೆಂಗಳೂರಿಗೆ ಕುಡಿಸಿದ ಹೊಳೆ ಅದು. ನಮ್ಮ ಕಡೆ ಆಕಾಶದ ಬರ ಎರಡೋ ಮೂರೋ ವರ್ಷಕ್ಕೆ ಮುಗಿಯುತ್ತೆ, ಹೊಳೆಯ ಬರ ಮುಗಿಯಲ್ಲ. ಸಾವಿರಾರು ವರ್ಷ ಒಗ್ಗಿದ್ದು ಮೊದಲನೇದಕ್ಕೆ.

ಹುಲಿಅಲ್ಲ_ಹುಳ:

ತರಗತಿ ಉದಾಹರಣೆ ಮೇಷ್ಟ್ರುಗಳ ಚಟ. ಆದರೆ ಸೋರಿಕೆ ಪಾಯಿಂಟ್ ಒಪ್ಪಿದೆ. ಕಟ್ಟೆಗಳ ಬಗ್ಗೆ ಒಪ್ಪಲ್ಲ, ಕಟ್ಟೆಯ ಹಿಂದೆ ನೀರು ನಿಂತಿರುತ್ತಲ್ಲ, ಅದೂ ಆಸರೆ ತಾನೆ?

ಕಲ್ಲಡಿ:

ನಿಂತ ನೀರಿನ ಹುಳುವಿಗೆ ಆಸರೆ. ಬಲೆ ಕಟ್ಟೋ ಕ್ಯಾಡಿಸ್‌ಗೆ ಅಲ್ಲ.

ನೀರಾವರಿ_ನಿವೃತ್ತ:

ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಇದ್ದವನು, ಲೆಕ್ಕದ ಮಾತು ಆಡುತ್ತೇನೆ. ಕಾವೇರಿಯಲ್ಲಿ ಪರಿಸರಕ್ಕೆ ನೀರು ಇಟ್ಟೇ ಇಲ್ಲ ಎಂದು ಅನೇಕರು ತಿಳಿದಿದ್ದಾರೆ. ನ್ಯಾಯಮಂಡಳಿಯ 2007ರ ಅಂತಿಮ ತೀರ್ಪಿನಲ್ಲಿ ಒಟ್ಟು 740 ಟಿಎಂಸಿ ಹಂಚಿಕೆಯಾಗಿ, ಅದರಲ್ಲಿ 10 ಟಿಎಂಸಿ ಪರಿಸರ ರಕ್ಷಣೆಗೆ ಎಂದೇ ಇದೆ. ತಮಿಳುನಾಡು ಗಡಿಯ ಬಿಳಿಗುಂಡ್ಲು ಮಾಪನ ಕೇಂದ್ರದ ತಿಂಗಳವಾರು ಪಟ್ಟಿಯಲ್ಲಿ ಫೆಬ್ರವರಿಯಿಂದ ಮೇವರೆಗೆ ತಿಂಗಳಿಗೆ ತಲಾ ಎರಡೂವರೆ ಟಿಎಂಸಿ ಬರುವುದು ಅದೇ. ತಿಂಗಳಿಡೀ ಸಮವಾಗಿ ಹರಿಸಿದರೆ ಸರಿಸುಮಾರು 960 ಕ್ಯೂಸೆಕ್ ಆಗುತ್ತದೆ.

ಸಂಗಮ, ಮೇಕೆದಾಟು ಕಡೆ ಬೇಸಿಗೆಯಲ್ಲಿ ನೀವು ನೋಡುವ ಹರಿವಿನ ಹಿಂದೆ ಈ ಲೆಕ್ಕವೂ ಇದೆ. ತಿಂಗಳ ಮೊತ್ತ ಸರಿಹೋದರೆ ನಮ್ಮ ಕೆಲಸ ಮುಗಿಯಿತು ಎಂದೇ ನಾವು ಭಾವಿಸುತ್ತಿದ್ದೆವು. ಹುಳುಗಳ ದೃಷ್ಟಿಯಿಂದ ಅದು ಸಾಕೇ ಮೇಡಂ?

ಕಲ್ಲಡಿ:

ಸಾಲದು ಸಾರ್, ಮತ್ತು ಈ ಪ್ರಶ್ನೆ ಇಲಾಖೆಯಲ್ಲಿದ್ದವರಿಂದ ಬಂದಿದ್ದಕ್ಕೆ ನಮಸ್ಕಾರ. ಎರಡೂವರೆ ಟಿಎಂಸಿಯನ್ನ ಐದು ದಿನದಲ್ಲಿ ಬಿಟ್ಟು ಇಪ್ಪತ್ತೈದು ದಿನ ಮುಚ್ಚಿದರೂ ತಿಂಗಳ ಲೆಕ್ಕ ಸರಿಹೋಗುತ್ತೆ. ನೀರು ಏರಿದಾಗ ಮರಿಗಳು ದಡದ ಕಲ್ಲಿಗೆ ಹತ್ತಿಕೊಳ್ತವೆ, ಗಂಟೆಗಳಲ್ಲಿ ಇಳಿದರೆ ಅಲ್ಲೇ ಬಿಸಿಲಿಗೆ ಸಿಕ್ಕಿ ಸಾಯ್ತವೆ. ಹಲವು ಕ್ಯಾಡಿಸ್, ಮೇಫ್ಲೈಗಳ ಮೊಟ್ಟೆ ನೀರಂಚಿನ ಕಲ್ಲಿಗೇ ಅಂಟಿರುತ್ತೆ, ಒಂದು ಹಗಲು ಒಣಗಿದರೂ ಮುಗೀತು. ಕಮ್ಮಿ ನೀರಾದರೂ ಸರಿ, ಒಂದೇ ಸಮ ಹರಿಯಲಿ. ಇಳಿಸೋದಿದ್ದರೆ ನಿಧಾನಕ್ಕೆ ಇಳಿಸಲಿ. ಇದಕ್ಕೆ ಹೆಚ್ಚಿನ ನೀರು ಬೇಡ, ಗೇಟಿನ ಹತ್ತಿರ ಕೂತವರಿಗೆ ಇನ್ನೊಂದು ಸೂಚನೆ ಸಾಕು.

ಪಿಎಚ್‌ಸಿ_ಡ್ಯೂಟಿ:

ಮಡು ಉಳೀಲಿ ಅಂತ ಎಲ್ಲರೂ ಹೇಳ್ತಿದೀರ, ಸೊಳ್ಳೆ ವಿಚಾರ ಯಾರೂ ಎತ್ತಲಿಲ್ಲ. ಹರಿಯೋ ಹೊಳೆಯಲ್ಲಿ ಕಮ್ಮಿ ಇರೋ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಸೊಳ್ಳೆಗೆ, ನಿಂತ ಮರಳುಗುಂಡಿ ಅಂದರೆ ಹಬ್ಬ. ಶ್ರೀಲಂಕಾದಲ್ಲಿ 1934ರಲ್ಲಿ ಮಳೆ ಕೈಕೊಟ್ಟು, ಯಾವಾಗಲೂ ತುಂಬಿ ಹರೀತಿದ್ದ ಹೊಳೆಗಳು ಗುಂಡಿ ಗುಂಡಿಯಾದವು. ಆಮೇಲೆ ಬಂದ ಮಲೇರಿಯಾಕ್ಕೆ 1935ರ ಹೊತ್ತಿಗೆ ಸುಮಾರು 80,000 ಜನ ಸತ್ತರು. ಮಳೆ ಹೆಚ್ಚಾದರೆ ಮಲೇರಿಯಾ ಅಂತಲೇ ನಮ್ಮ ತಲೆಯಲ್ಲಿ ಕೂತಿದೆ, ಅಲ್ಲಿ ಆಗಿದ್ದು ತದ್ವಿರುದ್ಧ.

ಕಲ್ಲಡಿ:

ಒಳ್ಳೆ ಮಾತು, ಸೊಳ್ಳೆ ಮರಿಯೂ ಬೆನ್ನುಮೂಳೆ ಇಲ್ಲದ ಜೀವಿಯೇ ಅಲ್ಲವೇ. ಬರದಲ್ಲಿ ಸೋಲೋವು ಇರೋ ಹಾಗೆ ಗೆಲ್ಲೋವೂ ಇವೆ. ಒಂದು ವ್ಯತ್ಯಾಸ ಮಾತ್ರ ಗಮನಿಸಿ: ಆಳದ ಹಳೇ ಮಡುವಿನಲ್ಲಿ ಮೀನು, ನೀರುತಿಗಣೆ ಇದ್ದು ಸೊಳ್ಳೆ ಮರಿಯನ್ನ ತಿಂತವೆ. ಸೊಳ್ಳೆಗೆ ಅನುಕೂಲ ಆಗೋದು ಮರಳು ತೆಗೆದ ಹೊಸ ಕುಳಿ, ಟ್ರಾಕ್ಟರ್ ಚಕ್ರದ ಗುಂಡಿ, ತಿನ್ನೋರು ಇನ್ನೂ ಬಂದು ಸೇರಿರದ ತೆಳು ನೀರು.

ಕೆಂಗೇರಿ_ಸ್ಯಾಟಲೈಟ್:

ತಮಾಷೆ ಸಾಕು, ಈಗ ಸೀರಿಯಸ್ಸಾಗಿ ಕೇಳ್ತೀನಿ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನ 2018ರಿಂದ ಕೋಲಾರದ ಕೆರೆಗಳಿಗೆ ಹರಿಸ್ತಿದಾರೆ. ಅದೇ ಥರ ಬತ್ತಿದ ಹೊಳೆಗೂ ಸಂಸ್ಕರಿಸಿದ ನೀರು ಬಿಟ್ಟರೆ ಹರಿವೂ ಆಯ್ತು, ಹುಳುಗಳೂ ಬದುಕಿದವು. ಆಗಲ್ವಾ?

ಕಲ್ಲಡಿ:

ಹರಿವು ಬರುತ್ತೆ. ಹುಳು ಯಾವುದು ಬರುತ್ತೆ ಅನ್ನೋದು ನೀರಲ್ಲಿ ಉಳಿದಿರೋ ಅಮೋನಿಯಾ, ಆಮ್ಲಜನಕದ ಮೇಲೆ ಹೋಗುತ್ತೆ. ವೃಷಭಾವತಿಯಂಥ ಕಡೆ ಬದುಕೋವು ಎಂಥವು ಅಂದರೆ: ಕೈರೊನಾಮಿಡೆಯ ಕೆಂಪು ಹುಳ, ನಮ್ಮ ರಕ್ತದ ಹಾಗೆ ಹಿಮೋಗ್ಲೋಬಿನ್ ಇದ್ದು, ಇದ್ದಬದ್ದ ಆಮ್ಲಜನಕ ಹಿಡಿದುಕೊಳ್ಳುತ್ತೆ. ಇನ್ನೊಂದು ಎರಿಸ್ಟಾಲಿಸ್ ನೊಣದ ಮರಿ. ಮೈ ಕೊಳಚೆಯೊಳಗೆ, ಹಿಂದೆ ಮೈಗಿಂತ ಉದ್ದದ ಕೊಳವೆ, ಅದರ ತುದಿ ನೀರಿನ ಮೇಲೆ. ಗಾಳಿ ಮೇಲಿಂದಲೇ ಎಳ್ಕೊಳ್ಳೋದರಿಂದ ನೀರಲ್ಲಿ ಆಮ್ಲಜನಕ ಇದ್ದರೆಷ್ಟು ಬಿಟ್ಟರೆಷ್ಟು. ಚರಂಡಿ ಪಕ್ಕ ನಿಂತು ನೋಡಿ, ಕಾಣುತ್ತೆ.

ಸಂಸ್ಕರಣೆ ಚೆನ್ನಾಗಿದ್ದು ಅಮೋನಿಯಾ ಇಳಿದರೆ ಬೀಟಿಡೆ ಮೇಫ್ಲೈ, ಹೈಡ್ರೊಸೈಕಿಡೆ ಬರೋ ಸಾಧ್ಯತೆ ಇದೆ. ಬೇಡ ಅನ್ನಲ್ಲ. ಒಂದು ದಿನ ಪ್ಲಾಂಟ್ ಕೆಟ್ಟು ಹಸಿ ಕೊಳಚೆ ಬಂದರೆ ಒಂದು ವರ್ಷದ್ದೆಲ್ಲ ಹೋಗುತ್ತೆ, ಅದನ್ನೂ ತಿಳ್ಕೊಂಡೇ ಮಾಡಬೇಕು.

ಆರ್‌ಆರ್‌ನಗರ_ಭಾನುವಾರ:

ಇಷ್ಟು ಬರುತ್ತೆ ಅಂತ ಎಣಿಸಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಮೇಡಂ, ನಮ್ಮಂಥ ಹವ್ಯಾಸಿಗಳು ನೋಡೋಕೆ ಏನು ಬೇಕು? ಕಿಟ್ ಏನಾದರೂ ಕೊಳ್ಳಬೇಕಾ?

ಕಲ್ಲಡಿ:

ಬಿಳಿ ಪ್ಲಾಸ್ಟಿಕ್ ತಟ್ಟೆ, ಹಿಡಿ ಇರೋ ಸಣ್ಣ ಕಣ್ಣಿನ ಬಲೆ (ಕಣ್ಣು ಅರ್ಧ ಮಿಲಿಮೀಟರ್ ಇದ್ದರೆ ಸಾಕು), ಮೆತ್ತನೆ ಬ್ರಷ್ಷು, ಭೂತಗನ್ನಡಿ. ಬಲೆಯನ್ನ ಹರಿವಿನ ಕೆಳಗಡೆ ಹಿಡಿದು, ಮೇಲ್ಗಡೆ ಕಾಲಲ್ಲಿ ಕಲ್ಲು ಕದಡಿ. ಪ್ರತಿ ಸಲ ಅದೇ ಜಾಗ, ಅಷ್ಟೇ ಹೊತ್ತು. ಮಗುಚಿದ ಕಲ್ಲನ್ನ ಮೊದಲಿದ್ದ ಮಗ್ಗುಲಿಗೇ ಇಡಿ. ಸೆಪ್ಟೆಂಬರ್, ಡಿಸೆಂಬರ್, ಏಪ್ರಿಲ್ ಮೂರೂ ನೋಡದೆ ಬರದ ಬಗ್ಗೆ ಏನೂ ಹೇಳಬೇಡಿ. ಸಂಗಮದಲ್ಲಿ ಮೊಣಕಾಲಿಗಿಂತ ಆಳಕ್ಕೆ ಹೋಗಬೇಡಿ, ಮೇಲಿಂದ ಯಾವಾಗ ನೀರು ಬಿಡ್ತಾರೋ ಹೇಳೋಕಾಗಲ್ಲ. ವೃಷಭಾವತಿಗೆ ಇಳೀಲೇಬೇಡಿ.

ನೆಲಮಂಗಲ_ಹೊಳೆದಂಡೆ:

ಮೇಡಮ್ಮೋರೆ, ಒಂದು ಕೇಳ್ಬೇಕಿತ್ತು. ನಮ್ಮೂರಾಗೆ ಹೊಳೆ ಹೂಳೆತ್ತೋಕೆ ಜೆಸಿಬಿ ಬರ್ತೈತಂತೆ. ತಳವೆಲ್ಲ ಒಂದೇ ಸಮ ಮಟ್ಟ ಮಾಡಿ, ದಡ ನೆಟ್ಟಗೆ ಕೆತ್ತಿ, ಕಾಲುವೆ ಥರ ಮಾಡ್ತಾರಂತೆ. ಬ್ಯಾಡ ಅಂದ್ರೆ ಅಭಿವೃದ್ಧಿಗೆ ಅಡ್ಡ ಬಂದ ಅಂತಾರೆ. ಏನು ಹೇಳ್ಲಿ?

ಕಲ್ಲಡಿ:

ಬೇಡ ಅನ್ನಬೇಡಿ ಅಣ್ಣ, ಹೇಗೆ ಮಾಡಬೇಕು ಅಂತ ಹೇಳಿ. ಹೂಳು ಎತ್ತಲಿ, ಮರಳು ಜಲ್ಲಿ ಸಿಕ್ಕಿದ ಕಡೆ ನಿಲ್ಲಿಸಲಿ. ಹಳೇ ಮಡುಗಳನ್ನ ಮುಚ್ಚಿ ಮಟ್ಟ ಮಾಡಬಾರದು, ಬೇಕಿದ್ದರೆ ಅವುಗಳಲ್ಲಿನ ಕೆಸರು ಮಾತ್ರ ತೆಗೀಲಿ. ಈ ವರ್ಷ ಒಂದು ದಡ, ಮುಂದಿನ ವರ್ಷ ಇನ್ನೊಂದು ದಡ. ಏಡಿ ಬಿಲ ಇರೋ ದಡವನ್ನ ಕೆತ್ತದೆ ಬಿಡಲಿ, ಎಲ್ಲಿವೆ ಅಂತ ಆಪರೇಟರಿಗೆ ನಿಮಗಿಂತ ಚೆನ್ನಾಗಿ ತೋರಿಸೋರು ಯಾರಿದಾರೆ? ಹೊಂಗೆ, ಹೊಳೆಮತ್ತಿ ಮರ ಇದ್ದರೆ ಬುಡ ಅಲ್ಲಾಡಿಸಬಾರದು; ಮಡುವಿನ ನೀರು ಬಿಸಿಯಾಗದ ಹಾಗೆ ನೋಡ್ಕೊಳ್ಳೋದು ಆ ನೆರಳೇ.

ನೀರಾವರಿ_ನಿವೃತ್ತ:

ಇದನ್ನೆಲ್ಲ ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ. ಕೆಲಸದ ಅಂದಾಜುಪಟ್ಟಿ ಪಂಚಾಯಿತಿಯಲ್ಲಿ ಇರುತ್ತದೆ, ಪ್ರತಿ ಕೇಳಿ ಪಡೆಯಿರಿ. ಅದರಲ್ಲಿ ಎಷ್ಟು ಘನಮೀಟರ್ ಅಗೆತ, ಎಷ್ಟು ಆಳ ಎಂದು ಬರೆದಿರುತ್ತಾರೆ. ಮಡು ಬಿಡಬೇಕಾದ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ, ಕೆಲಸ ಶುರುವಾಗುವ ಮೊದಲೇ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಅಗೆತದ ಅಳತೆ ಒಮ್ಮೆ ಬರೆದಾದ ಮೇಲೆ ಗುತ್ತಿಗೆದಾರ ಒಂದು ಬುಟ್ಟಿ ಮಣ್ಣೂ ಬಿಡುವುದಿಲ್ಲ.

ನೆಲಮಂಗಲ_ಹೊಳೆದಂಡೆ:

ಸರಿ ಸಾ. ಪಿಡಿಓ ಸಾಹೇಬ್ರು ಸೋಮವಾರ ಸಿಕ್ತಾರೆ, ಅಂದಾಜುಪಟ್ಟಿ ಕೇಳ್ತೀನಿ. ಅರ್ಜಿ ಹೆಂಗೆ ಬರೀಬೇಕು ಅಂತ ಮಾತ್ರ ಒಂದು ನಮೂನೆ ಹಾಕ್ಬುಡಿ ಇಲ್ಲೇ.